ಫಾರ್ಮ್ಯಾಟ್ ಹೊಡೆಯುವ ಮುನ್ನ

ನಮ್ಮ ಕಲಬುರಗಿ ಜಿಲ್ಲೆಯ ಆಳಂದ ಇರಲಿ, ಅಫಜಲಪುರ ಇರಲಿ, ಜೇವರ್ಗಿ ಇರಲಿ, ಕಂಪ್ಯೂಟರ್ ಕೆಟ್ಟಿತೆಂದರೆ ಮೊದಲು ಕೇಳಿಬರುವ ಮಾತು ಒಂದೇ: "ಫಾರ್ಮ್ಯಾಟ್ ಹೊಡೀರಿ, ಎಲ್ಲಾ ಸರಿ ಆಗ್ತದ." ನಿಧಾನವಾಗಿ ನಡೆದರೂ ಫಾರ್ಮ್ಯಾಟ್, ನಡುವೆ ನಿಂತುಬಿಟ್ಟರೂ ಫಾರ್ಮ್ಯಾಟ್, ಪರದೆ ನೀಲಿಯಾದರೂ ಫಾರ್ಮ್ಯಾಟ್. ರಿಪೇರಿ ಅಂಗಡಿಯವರನ್ನು ದೂರಬೇಕೆಂದು ನಾನಿದನ್ನು ಹೇಳುತ್ತಿಲ್ಲ. ಸಿಪಿಯು ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹಳ್ಳಿಯಿಂದ ಬಂದ ಗಿರಾಕಿ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದುರಿಗೇ ನಿಂತಿರುತ್ತಾನೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದರೆ ಒಂದೆರಡು ತಾಸಿನಲ್ಲಿ ಯಂತ್ರ ನಡೆಯುತ್ತದೆ, ಕೂಲಿ ಸಿಗುತ್ತದೆ, ಗಿರಾಕಿಯೂ ಖುಷಿಯಾಗಿ ಹೋಗುತ್ತಾನೆ. ಆದರೆ ಆ ಡಬ್ಬಿಯೊಳಗೆ ಏನಿತ್ತು ಎಂದು ಯಾರೂ ಕೇಳಿರುವುದಿಲ್ಲ. ನನಗೆ ಸಂಕಟವಾಗುವುದು ಅಲ್ಲಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆ ಪರಿಚಯವಾದದ್ದು ಶಿಕ್ಷಕರ ತರಬೇತಿಯಲ್ಲಿ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ 2011ರಲ್ಲಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮ ಆರಂಭಿಸಿದವು. ಸರ್ಕಾರಿ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜ ಮಾಸ್ತರರು ಉಬುಂಟು ಎಂಬ ಲಿನಕ್ಸ್ ಮುಂದೆ ಕುಳಿತು ಕಲಿತದ್ದು ಅಲ್ಲಿಯೇ. ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಕೋನವನ್ನು ಎಳೆದಾಡಿದ ಮೇಲೆ ಕಪ್ಪು ಹಲಗೆಯ ತ್ರಿಕೋನ ನನಗೆ ಸಪ್ಪೆ ಎನಿಸತೊಡಗಿತು. ಅದಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಲಿನಕ್ಸಿನ ಇನ್ನೊಂದು ಗುಣ. ಪೆನ್‌ಡ್ರೈವ್‌ನಿಂದಲೇ ಇಡೀ ವ್ಯವಸ್ಥೆ ಚಾಲೂ ಆಗುತ್ತದೆ, ಒಳಗಿನ ಡಿಸ್ಕನ್ನು ಮುಟ್ಟುವುದೇ ಇಲ್ಲ. ಕೆಟ್ಟ ಯಂತ್ರವನ್ನು ಪರೀಕ್ಷೆ ಮಾಡಲು ಇದಕ್ಕಿಂತ ಸಭ್ಯವಾದ ದಾರಿ ನನಗೆ ಗೊತ್ತಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ನಮ್ಮ ಕಡೆಯ ಮನೆ, ಅಂಗಡಿಗಳಲ್ಲಿರುವ ಹಳೆಯ ಯಂತ್ರಗಳು ವಿಂಡೋಸ್ 11 ಕೇಳುವ ಪ್ರೊಸೆಸರ್, ಟಿಪಿಎಂ ಚಿಪ್ ಇಲ್ಲದವು. ಹೀಗಾಗಿ "ಸರ, ಅದೇನೋ ಲಿನಕ್ಸ್ ಹಾಕ್ತೀರಂತಲ್ರಿ, ನಮ್ಮದಕ್ಕೂ ಹಾಕಿಕೊಡ್ರಿ" ಎನ್ನುವವರು ಹೆಚ್ಚಾದರು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನಾಲ್ಕು ಜಿಬಿ ರ‍್ಯಾಮಿನ ಯಂತ್ರದಲ್ಲೂ ಹಗುರಾಗಿ ನಡೆಯುತ್ತದೆ. ಹಾಕುವುದೂ ಕಷ್ಟವಲ್ಲ. ಕಷ್ಟ ಬರುವುದು ಅನುಸ್ಥಾಪನೆ ನಡುವೆ ನಿಂತಾಗ, ಯಾಕೆ ನಿಂತಿತು ಎಂದು ಹುಡುಕುವಾಗ.

ಹುಡುಕಾಟಕ್ಕೊಂದು ಕ್ರಮ ಬೇಕು. ಮೊದಲು ಪೆನ್‌ಡ್ರೈವ್. ಇಳಿಸಿಕೊಂಡ ಕಡತ ಪೂರ್ತಿ ಬಂದಿದೆಯೇ ಎಂದು ಅದರ ಚೆಕ್‌ಸಮ್ ತಾಳೆ ನೋಡಬೇಕು. ನಮ್ಮ ಮೊಬೈಲ್ ನೆಟ್ಟಿನಲ್ಲಿ ಎರಡು-ಮೂರು ಜಿಬಿ ಇಳಿಸುವಾಗ ನಡುವೆ ತುಂಡಾಗುವುದು ತೀರ ಸಾಮಾನ್ಯ. ಆಮೇಲೆ ರ‍್ಯಾಮ್. ಕಡ್ಡಿಯನ್ನು ಬಿಚ್ಚಿ, ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಧೂಳು ಊದಿ ಮತ್ತೆ ಕೂಡಿಸಿದರೆ ಅರ್ಧ ರೋಗ ಹೋಗುತ್ತದೆ. ಹೋಗದಿದ್ದರೆ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಬೇಕು. ಆಮೇಲೆ ಕೇಬಲ್, ಕೊನೆಗೆ ಡಿಸ್ಕ್. ಹುಡುಕಾಟದಲ್ಲಿ ಡಿಸ್ಕಿನ ಸರದಿ ಕೊನೆಗೆ ಬಂದರೂ ಅದರ ಮೇಲೆ ಏನಾದರೂ ಬರೆಯುವ ಮೊದಲು ಅದರ ಆರೋಗ್ಯ ನೋಡಲೇಬೇಕು.

ಡಿಸ್ಕಿನ ಆರೋಗ್ಯ ನೋಡುವುದೆಂದರೆ ಕಿವಿಯಿಟ್ಟು ಟಕ್ ಟಕ್ ಸದ್ದು ಕೇಳುವುದಷ್ಟೇ ಅಲ್ಲ. ಡಿಸ್ಕು ತನ್ನ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. 1990ರ ದಶಕದಲ್ಲಿ ಐಬಿಎಂ, ಕಾಂಪ್ಯಾಕ್ ಮತ್ತು ಡಿಸ್ಕ್ ತಯಾರಕರ ಕೆಲಸದಿಂದ ರೂಪುಗೊಂಡ ಈ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಎಷ್ಟು ತಾಸು ತಿರುಗಿದ್ದೇನೆ, ಎಷ್ಟು ಸಲ ಚಾಲೂ ಆಗಿದ್ದೇನೆ, ಎಷ್ಟು ಬಿಸಿಯಾಗಿದ್ದೇನೆ, ಎಲ್ಲಿ ಓದಲಾಗದೆ ಸೋತಿದ್ದೇನೆ, ಎಲ್ಲವೂ ಅದರಲ್ಲಿ ಅಂಕಿಗಳಾಗಿ ಇರುತ್ತವೆ. ಅದನ್ನು ಓದಿ ಹೇಳುವ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶವನ್ನು 2002ರಲ್ಲಿ ಹೊರತಂದವರು ಬ್ರೂಸ್ ಅಲೆನ್ ಎಂಬ ಭೌತವಿಜ್ಞಾನಿ. ಆದೇಶ ಟೈಪಿಸಲು ಹಿಂಜರಿಯುವವರಿಗೆ ಮಿಂಟ್, ಉಬುಂಟುಗಳಲ್ಲಿ ಡಿಸ್ಕ್ಸ್ ಎಂಬ ಆಪ್ ಇದೆ. ವಿಂಡೋಸ್ ಬಳಸುವವರಿಗೆ ಕ್ರಿಸ್ಟಲ್ ಡಿಸ್ಕ್ ಇನ್ಫೊ ಇದೆ. ಎಲ್ಲವೂ ಪುಕ್ಕಟೆ.

ಸ್ಮಾರ್ಟ್ ಪಟ್ಟಿಯಲ್ಲಿ ಹಲವು ಸಾಲುಗಳಿರುತ್ತವೆ, ಒಂದೊಂದಕ್ಕೂ ಒಂದು ಗುರುತಿನ ಸಂಖ್ಯೆ. ನಾನು ಮೊದಲು ನೋಡುವುದು ನಾಲ್ಕನ್ನು: 5, 197, 198, 199. 5 ಎಂದರೆ ಕೆಟ್ಟಿದ್ದಕ್ಕೆ ಬದಲಾಯಿಸಿದ ಸೆಕ್ಟರುಗಳ, ಅಂದರೆ ಡಿಸ್ಕಿನಲ್ಲಿ ಮಾಹಿತಿ ಇಡುವ ಪುಟ್ಟ ಖಾನೆಗಳ, ಲೆಕ್ಕ. ಬಿತ್ತಿದ ಸಾಲಿನಲ್ಲಿ ಮೊಳಕೆ ಬಾರದ ಕಡೆ ಮತ್ತೆ ಊರಲೆಂದು ರೈತ ಒಂದಿಷ್ಟು ತೊಗರಿ ಬೀಜ ಎತ್ತಿಟ್ಟಿರುತ್ತಾನಲ್ಲ, ಹಾಗೆ ಡಿಸ್ಕಿನಲ್ಲೂ ಕೆಲವು ಸೆಕ್ಟರುಗಳು ಮೀಸಲಾಗಿರುತ್ತವೆ. 197 ಎಂದರೆ ಓದಲು ಹೋಗಿ ಸೋತ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. 198 ಡಿಸ್ಕು ತಾನೇ ತಪಾಸಣೆ ಮಾಡಿಕೊಂಡಾಗ ಓದಲಾಗದೆ ಉಳಿದವು. 199 ಮಾತ್ರ ಬೇರೆ ಜಾತಿ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟ ಮಾಹಿತಿಯ ಲೆಕ್ಕ, ಹೆಚ್ಚಾಗಿ ಕೇಬಲ್ಲಿನ ದೋಷ.

ಆಳಂದದ ಒಂದು ಡಿಟಿಪಿ ಸೆಂಟರಿನಲ್ಲಿ ಈ 199 ಒಂದು ಡಿಸ್ಕಿನ ಜೀವ ಉಳಿಸಿತು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ಆ ಅಂಗಡಿಯಲ್ಲಿ ಲಗ್ನಪತ್ರಿಕೆಗಳು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಅಚ್ಚಾಗುತ್ತವೆ. ಮದುವೆ ಸೀಜನ್ನಿನಲ್ಲಿ ಯಂತ್ರ ಕೈಕೊಟ್ಟಿತ್ತು, ಲಿನಕ್ಸ್ ಹಾಕಲು ಹೋದರೆ ಕಡತಗಳ ನಕಲು ನಡುವೆ ನಿಲ್ಲುತ್ತಿತ್ತು. "ಡಿಸ್ಕ್ ಹೋಗ್ಯದ ಅಂದಾರ್ರಿ, ಹೊಸಾದು ತರಬೇಕಂತ" ಎಂದರು ಅಂಗಡಿಯವರು. ನೋಡಿದರೆ 5, 197, 198 ಮೂರರಲ್ಲೂ ಸೊನ್ನೆ. 199 ಮಾತ್ರ ನಮ್ಮ ಕಣ್ಣೆದುರೇ ಏರುತ್ತಿತ್ತು. ನೂರು ರೂಪಾಯಿಯೊಳಗಿನ ಸಾಟಾ ಕೇಬಲ್ ಬದಲಾಯಿಸಿದೆವು. ಏರಿಕೆ ನಿಂತಿತು, ಅನುಸ್ಥಾಪನೆ ಮುಗಿಯಿತು. 199ರ ಹಳೆಯ ಅಂಕಿ ಇಳಿಯುವುದಿಲ್ಲ, ಅದು ಅಲ್ಲಿಯೇ ಉಳಿಯುತ್ತದೆ. ಮುಂದಕ್ಕೆ ಏರದಿದ್ದರೆ ಸಾಕು.

ಅಫಜಲಪುರದಲ್ಲಿ ನಮ್ಮ ಮಾವನ ಮಗನ ಗೊಬ್ಬರದ ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಕೂತಿತ್ತು, ಆದರೆ ಅಪ್‌ಡೇಟ್ ಆಗಲೊಲ್ಲದು, ಬ್ರೌಸರಿನಲ್ಲಿ ಯಾವ ತಾಣ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಬಿಲ್ಲೆಯಂಥ ಸಿಆರ್2032 ಸೆಲ್ ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದೆ ಬೀಳುತ್ತದೆ. ತಾಣಗಳ ಪ್ರಮಾಣಪತ್ರ ಆ ಹಳೆಯ ತಾರೀಕಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲವಾದ್ದರಿಂದ ಯಂತ್ರ ಅದನ್ನು ನಂಬುವುದಿಲ್ಲ. ಸೆಲ್ ಹಾಕಿ ತಾರೀಕು ತಿದ್ದಿದರೆ ಕೆಲಸ ಮುಗಿಯಿತು.

ಜೇವರ್ಗಿಯದು ಇಷ್ಟು ಸುಲಭವಾಗಿರಲಿಲ್ಲ.

ಅಲ್ಲಿ ತತ್ವಪದಗಳನ್ನು ಸಂಗ್ರಹಿಸಿದ ನಿವೃತ್ತ ಕನ್ನಡ ಮಾಸ್ತರರೊಬ್ಬರಿದ್ದಾರೆ. ಈ ನೆಲದಲ್ಲಿ ತತ್ವಪದ ಎಂದರೆ ಮೊದಲು ಬರುವ ಹೆಸರು ಕಡಕೋಳ ಮಡಿವಾಳಪ್ಪನವರದು. ಅವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ, ನೆಲೆ ನಿಂತದ್ದು ಕಡಕೋಳದಲ್ಲಿ. ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿಗೆ ಸೇರಿದೆ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಒಬ್ಬರು. ಆ ಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ಮುದುಕರ ಬಳಿ ಮಾಸ್ತರರು ವರ್ಷಾನುಗಟ್ಟಲೆ ಓಡಾಡಿದ್ದಾರೆ. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಮೊಬೈಲಿನಲ್ಲಿ ದನಿ ಹಿಡಿದರು. ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ತತ್ವಪದಗಳ ಸಂಪುಟಗಳನ್ನು ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ಅಚ್ಚು ಮಾಡಿದೆ, ಅದು ದೊಡ್ಡ ಕೆಲಸ. ಆದರೆ ಯಾವ ಹಳ್ಳಿಯ ಯಾವ ಅಜ್ಜ ಯಾವ ಸಾಲನ್ನು ಎಳೆದು ಹಾಡುತ್ತಿದ್ದ, ಎಲ್ಲಿ ಉಸಿರು ಹಿಡಿಯುತ್ತಿದ್ದ ಎಂಬುದು ಪುಸ್ತಕಕ್ಕೆ ಬರುವುದಿಲ್ಲ. ಅದು ಇದ್ದದ್ದು ಮಾಸ್ತರರ ಮನೆಯ 500 ಜಿಬಿ ಡಿಸ್ಕಿನಲ್ಲಿ. ಅಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಹಾಡಿದವರಲ್ಲಿ ಬಹಳಷ್ಟು ಮಂದಿ ಈಗ ಇಲ್ಲ.

ಹಳೆಯ ವಿಂಡೋಸ್ ಹಾಗೇ ಇರಲಿ, ಪಕ್ಕದಲ್ಲಿ ಲಿನಕ್ಸ್ ಇರಲಿ ಎಂಬುದು ಅವರ ಆಸೆ. ಅವರ ಮೊಮ್ಮಗ ಪೆನ್‌ಡ್ರೈವ್ ಮಾಡಿಕೊಂಡು ಶುರು ಮಾಡಿದ್ದ. ಲಿನಕ್ಸಿಗೆ ಜಾಗ ಬೇಕೆಂದರೆ ವಿಂಡೋಸ್ ಇರುವ ಭಾಗವನ್ನು ಕುಗ್ಗಿಸಬೇಕು. ಅಲ್ಲಿಗೆ ಬಂದು ಅನುಸ್ಥಾಪಕ ದೋಷ ತೋರಿಸಿ ನಿಂತಿತು. "ಅಜ್ಜಾ, ಇಡೀ ಡಿಸ್ಕ್ ಅಳಿಸಿ ಹಾಕು ಅಂತ ಇನ್ನೊಂದು ಆಯ್ಕೆ ಅದ, ಅದನ್ನ ಒತ್ತಲೇನು?" ಎಂದು ಹುಡುಗ ಕೇಳಿದನಂತೆ. ಮಾಸ್ತರರು "ತಡಿಯಪ್ಪಾ, ಅವರನ್ನೊಂದು ಮಾತು ಕೇಳೋಣು" ಎಂದು ನನಗೆ ಫೋನ್ ಮಾಡಿಸಿದರು. ಆ ಫೋನು ಬಂದದ್ದಕ್ಕೆ ನಾನು ಈಗಲೂ ನೆಮ್ಮದಿಪಡುತ್ತೇನೆ.

ವಿಂಡೋಸಿನ ಭಾಗವನ್ನು ಕುಗ್ಗಿಸುವ ಎನ್‌ಟಿಎಫ್‌ಎಸ್‌ರೀಸೈಜ್ ಎಂಬ ಸಾಧನ ಬಹಳ ಜಾಗರೂಕ ಸಾಧನ. ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಕಂಡರೆ ಅದು ಮುಂದೆ ಹೋಗಲು ಒಪ್ಪುವುದಿಲ್ಲ. ವಿಂಡೋಸ್ ಪೂರ್ತಿ ಬಂದ್ ಆಗದೆ ಅರೆನಿದ್ರೆಯಲ್ಲಿದ್ದರೂ ಒಪ್ಪುವುದಿಲ್ಲ. ಹುಡುಗನಿಗೆ ಅಡ್ಡಿಯಾಗಿ ಕಂಡದ್ದು ನಿಜವಾಗಿ ಒಂದು ಎಚ್ಚರಿಕೆ.

ಪೆನ್‌ಡ್ರೈವ್‌ನಿಂದ ಮಿಂಟ್ ಚಾಲೂ ಮಾಡಿ, ಡಿಸ್ಕಿನ ಲೆಕ್ಕ ತೆಗೆದೆ. ಒಟ್ಟಾರೆ ಫಲಿತಾಂಶದ ಸಾಲಿನಲ್ಲಿ ಉತ್ತೀರ್ಣ ಎಂದಿತ್ತು. ಬಹಳ ಜನ ಮೋಸಹೋಗುವುದು ಈ ಸಾಲಿಗೆ. ತಯಾರಕರು ಇಟ್ಟ ಮಿತಿ ದಾಟುವವರೆಗೂ ಅದು ಉತ್ತೀರ್ಣ ಎಂದೇ ಹೇಳುತ್ತದೆ. ಕೆಳಗೆ ಇಳಿದೆ. ತಿರುಗಿದ ತಾಸು 31,000ಕ್ಕೂ ಮೇಲೆ, ಅಂದರೆ ಹಗಲೂ ರಾತ್ರಿ ಸೇರಿಸಿದರೆ ಮೂರೂವರೆ ವರ್ಷ. 5ರ ಸಾಲಿನಲ್ಲಿ ಸೊನ್ನೆಯಲ್ಲದ ಅಂಕಿ ಇತ್ತು. 197ರ ಎದುರು 24.

"ಏನಂತದಪಾ ಅದು?" ಎಂದರು ಮಾಸ್ತರರು.

"ಸರ, ಇದಕ್ಕ ಈಗ ಏನೂ ಬರೆಯೋದು ಬ್ಯಾಡ್ರಿ. ಮೊದಲು ಇದರಾಗ ಇದ್ದದ್ದೆಲ್ಲಾ ಹೊರಗ ತೆಗಿಯೋಣು."

ಫಾರ್ಮ್ಯಾಟಿನ ಅಪಾಯ ಈ 197ರಲ್ಲೇ ಅಡಗಿದೆ. ಓದಲಾಗದ ಸೆಕ್ಟರನ್ನು ಡಿಸ್ಕು ತೂಗುಹಾಕಿಟ್ಟಿರುತ್ತದೆ. ಅದರ ಮೇಲೆ ಹೊಸದಾಗಿ ಬರೆದೆವೆನ್ನಿ. ಬರಹ ಸರಿಯಾಗಿ ಕೂತರೆ 197 ಇಳಿಯುತ್ತದೆ. ಕೂರದಿದ್ದರೆ ಮೀಸಲು ಸೆಕ್ಟರಿಗೆ ವರ್ಗವಾಗಿ, ಆಗಲೂ 197 ಇಳಿಯುತ್ತದೆ. ಹೇಗಾದರೂ ಯಂತ್ರ ಸಲೀಸಾಗಿ ನಡೆಯತೊಡಗುತ್ತದೆ, ಎಲ್ಲರೂ ದುರಸ್ತಿಯಾಯಿತು ಎನ್ನುತ್ತಾರೆ. ಆಗಿದ್ದೇನೆಂದರೆ ಓದಲು ಉಳಿದಿದ್ದ ಕೊನೆಯ ಅವಕಾಶವನ್ನು ನಾವೇ ಅಳಿಸಿದ್ದೇವೆ. ರೋಗದ ಗುರುತು ಹೋಯಿತು, ಜೊತೆಗೆ ಹಾಡೂ ಹೋಯಿತು.

ಇಂಥ ಸೆಕ್ಟರುಗಳು ಮುಪ್ಪಿನಿಂದಷ್ಟೇ ಹುಟ್ಟುವುದಿಲ್ಲ. ಡಿಸ್ಕು ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಸೆಕ್ಟರ್ ಅರೆಬರೆಯಾಗಿ ಉಳಿದು, ಮುಂದೆ ಓದಲು ಬರದಂತಾಗಬಹುದು. ಬೇಸಿಗೆಯ ಮಧ್ಯಾಹ್ನ ನಮ್ಮ ಊರುಗಳಲ್ಲಿ ಕರೆಂಟ್ ಹೋಗಿ ಬಂದು ಆಡುವ ಆಟ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡೆಸ್ಕ್‌ಟಾಪ್ ಇದ್ದವರು ಯುಪಿಎಸ್‌ನ ಬ್ಯಾಟರಿ ಸತ್ತಮೇಲೂ ಅದನ್ನು ಬರೀ ಪ್ಲಗ್ಗಿನ ಪೆಟ್ಟಿಗೆಯಾಗಿ ಬಳಸುವುದನ್ನು ಬಿಡಬೇಕು.

ನಕಲಿಗೆ ನಾನು ಬಳಸಿದ್ದು ಜಿಎನ್‌ಯು ಡಿಡಿರೆಸ್ಕ್ಯೂ. ಸಾಮಾನ್ಯ ಕಾಪಿ-ಪೇಸ್ಟ್ ಕೆಟ್ಟ ಜಾಗಕ್ಕೆ ಬಂದು ಅಲ್ಲೇ ಜಗ್ಗಾಡುತ್ತದೆ, ಆ ಜಗ್ಗಾಟದಲ್ಲೇ ಮುದಿ ಡಿಸ್ಕು ಪೂರ್ತಿ ಹೋಗಿಬಿಡಬಹುದು. ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕಷ್ಟದ ಜಾಗ ಬಂದರೆ ದಾಟಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಹಿಂದಿರುಗಿ ಬಂದು ಆ ಜಾಗಗಳನ್ನು ಅಂಚಿನಿಂದ ಚೂರು ಚೂರೇ ಕೆರೆಯುತ್ತದೆ. ಎಲ್ಲಿಯವರೆಗೆ ಆಯಿತು ಎಂಬುದನ್ನು ಮ್ಯಾಪ್ ಕಡತದಲ್ಲಿ ಬರೆದಿಡುವುದರಿಂದ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಕಡತವನ್ನು ಹೊರಗಿನ ಡಿಸ್ಕಿನಲ್ಲೇ ಇಡಬೇಕು. ಪೆನ್‌ಡ್ರೈವ್‌ನಿಂದ ನಡೆಯುವ ಲಿನಕ್ಸಿನ ಹೋಮ್ ಫೋಲ್ಡರು ಇರುವುದು ರ‍್ಯಾಮಿನಲ್ಲಿ. ಕರೆಂಟ್ ಹೋದರೆ ಅದೂ ಹೋಗುತ್ತದೆ.

ಮಾಸ್ತರರ ಮನೆಯಲ್ಲಿ ಒಂದು ಟಿಬಿಯ ಹೊಸ ಹೊರ ಡಿಸ್ಕು ತಂದು ಜೋಡಿಸಿ, ಹಳೆಯದರ ಪಕ್ಕ ಟೇಬಲ್ ಫ್ಯಾನ್ ತಿರುಗಿಸಿಟ್ಟು ಆರಂಭಿಸಿದೆವು. ಮೊದಲ ತಾಸುಗಳಲ್ಲಿ ಅಂಕಿ ಸರಸರನೆ ಏರಿತು. ಆಮೇಲೆ ಸೆಕೆಂಡಿಗೆ ಮೆಗಾಬೈಟುಗಳ ಲೆಕ್ಕ ಕಿಲೋಬೈಟಿಗೆ ಇಳಿಯಿತು, ಮತ್ತೆ ಸೊನ್ನೆ, ಮತ್ತೆ ಒಂದಿಷ್ಟು. ಡಿಸ್ಕಿನೊಳಗೆ ತೋಳು ಹಿಂದೆ ಮುಂದೆ ಹೊಯ್ದಾಡುವ ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಮಾಸ್ತರರು ಪರದೆ ನೋಡಲಿಲ್ಲ, ಯಾವ ಹಾಡು ಯಾವ ಊರಲ್ಲಿ ಹಿಡಿದದ್ದು ಎಂದು ನನಗೆ ಹೇಳುತ್ತ ಕುಳಿತರು. ಕೊನೆಗೆ ಪರದೆಯ ಮೇಲೆ ಶೇಕಡಾ 99.99 ಎಂದು ಬಂತು. ಓದಲಾಗದೆ ಉಳಿದದ್ದು ಕೆಲವೇ ಕಿಲೋಬೈಟ್.

ಆ ಕೆಲವು ಕಿಲೋಬೈಟ್ ಯಾವ ಕಡತಕ್ಕೆ ಸೇರಿದ್ದು ಎಂದು ತಿಳಿಯಲೂ ದಾರಿಯಿದೆ. ನಕಲಿನ ಇನ್ನೊಂದು ಪ್ರತಿ ಮಾಡಿಕೊಂಡು, ಅದರಲ್ಲಿ ಓದಲಾಗದ ಜಾಗಗಳಿಗೆ ಒಂದು ಗುರುತಿನ ಪದ ತುಂಬಿಸಿ, ಆ ಪದ ಯಾವ ಕಡತದಲ್ಲಿದೆ ಎಂದು ಹುಡುಕುವುದು. ಹಾಡುಗಳ ಪೈಕಿ ಸಿಕ್ಕಿದ್ದು ಒಂದೇ, ಕ್ಯಾಸೆಟ್ಟಿನಿಂದ ಏರಿಸಿದ ಒಂದು ವೇವ್ ಕಡತ. ಮೂಲ ನಕಲಿನಲ್ಲಿ ಅದನ್ನು ಹಚ್ಚಿ ಕೇಳಿದೆವು. ಎರಡನೇ ನುಡಿಯ ನಡುವೆ ದನಿ ಕಡಿದು ಕೂಡಿದಂತೆ ಒಂದು ಚೂರು ಮೌನ. ಲೆಕ್ಕ ಹಾಕಿದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಒಬ್ಬ ಹಾಡುಗಾರನ ಅಷ್ಟು ದನಿ ಹೋಯಿತು, ಉಳಿದೆಲ್ಲ ಉಳಿಯಿತು. ಇಡೀ ಡಿಸ್ಕ್ ಅಳಿಸುವ ಆ ಆಯ್ಕೆಯನ್ನು ಒತ್ತಿದ್ದರೆ ಎಷ್ಟು ಹೋಗುತ್ತಿತ್ತು ಎಂದು ನಾನು ಹುಡುಗನಿಗೆ ವಿವರಿಸಿದೆ. ಬುದ್ಧಿವಂತ ಹುಡುಗ, ಈಗ ಅವನೇ ಆ ನಾಲ್ಕು ಸಾಲುಗಳನ್ನು ಓದುತ್ತಾನೆ.

ಆಮೇಲೆ ಉಳಿದದ್ದು ಸಲೀಸು. ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿ, ಅದರ ಮೇಲೆ ಮಿಂಟ್ ಕೂಡಿಸಿದೆವು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುವುದರಿಂದ ಮಾಸ್ತರರ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪಿಸಿದ್ದ ಹಾಡುಗಳ ಪಟ್ಟಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತು. ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದೆವು. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದನ್ನು ಅವರೇ ಕೂತು ತಿದ್ದುತ್ತಿದ್ದಾರೆ.

ಸ್ಮಾರ್ಟ್ ಲೆಕ್ಕ ಸ್ವಚ್ಛವಾಗಿದೆ ಎಂದರೆ ನಿಶ್ಚಿಂತೆಯಿಂದ ಇರಬಹುದೆಂದಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್‌ನ ಸಂಶೋಧಕರು 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಅದೇ ಪ್ರಬಂಧದ ಇನ್ನೊಂದು ಮಾತನ್ನು ನಾನು ಇನ್ನೂ ಗಂಭೀರವಾಗಿ ಓದುತ್ತೇನೆ: ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕೂ ಹೆಚ್ಚು, ಅವರು ಮುಖ್ಯವೆಂದು ಗುರುತಿಸಿದ ನಾಲ್ಕು ಬಗೆಯ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಎಸ್‌ಎಸ್‌ಡಿಯಂತೂ ಸದ್ದೇ ಮಾಡದೆ ಹೋಗುತ್ತದೆ. ಲೆಕ್ಕ ಕೆಟ್ಟಿದ್ದರೆ ನಂಬಬೇಕು. ಚೆನ್ನಾಗಿದ್ದರೆ ಅದರ ಮೇಲೇ ಭಾರ ಹಾಕಿ ಕೂರಬಾರದು.

ಇನ್ನು ಪ್ರತಿಯನ್ನು ಎಲ್ಲಿಡಬೇಕು ಎಂಬುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ನಾವು ಕಂಡಿದ್ದೇವೆ. ಒಂದೇ ಕಪಾಟಿನಲ್ಲಿ ಎರಡು ಡಿಸ್ಕು ಇಟ್ಟರೆ ನೀರು ಎರಡನ್ನೂ ತೋಯಿಸುತ್ತದೆ. ಮಾಸ್ತರರ ಒಂದು ಪ್ರತಿ ಈಗ ಕಲಬುರಗಿಯಲ್ಲಿ ಅವರ ಮಗಳ ಮನೆಯಲ್ಲಿದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ತತ್ವಪದ, ಮೊಹರಂ ಪದ, ಭಜನೆಗಳ ದನಿ ಹಿಡಿದಿಟ್ಟವರು ಇನ್ನೂ ಎಷ್ಟೋ ಮಂದಿ ಇರಬೇಕು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥ ಹಳೆಯ ಕಂಪ್ಯೂಟರ್ ಇದ್ದರೆ, ಅದರಲ್ಲಿದ್ದದ್ದನ್ನು ನಕಲು ಮಾಡಿಕೊಳ್ಳಲು ಮಗ ರಜೆಗೆ ಬರಲಿ ಎಂದು ಕಾಯಬೇಡಿ, ಚಾಲೂ ಆಗದಿದ್ದರೆ ಅಂಗಡಿಗೆ ಕೊಟ್ಟು "ಹೆಂಗರ ಮಾಡಿ ಸರಿ ಮಾಡ್ರಿ" ಎಂದು ಹೇಳಿ ಬರಬೇಡಿ. ಅಂಗಡಿಯವರಿಗೆ ಮೊದಲೇ ಹೇಳಿ: ಡಿಸ್ಕಿನ ಲೆಕ್ಕ ತೋರಿಸ್ರಿ, ಇದ್ದದ್ದನ್ನು ಬೇರೆ ಡಿಸ್ಕಿಗೆ ತೆಗೀರಿ, ಫಾರ್ಮ್ಯಾಟು ಆಮೇಲೆ ನೋಡೋಣ. ಅದಕ್ಕೆ ಕೂಲಿ ಹೆಚ್ಚು ಕೇಳಿದರೆ ಕೊಡಿ.